ಕತ್ತಲು ಕಂಡರಿಯದ ಕೋಳಿಗಳು

ಹನ್ನೊಂದನೇ ಕೋಳಿಯ ಹೊಟ್ಟೆಯಲ್ಲೂ ವಿಷದ ಸುಳಿವಿರಲಿಲ್ಲ.

ಡಾಕ್ಟರ್ ಪಂಕಜಾಕ್ಷಿ ಕತ್ತರಿಯನ್ನು ಬಕೆಟ್ಟಿನ ನೀರಿಗೆ ಅದ್ದಿ, ಸೆರಗನ್ನು ಸೊಂಟಕ್ಕೆ ಇನ್ನೊಂದು ಸುತ್ತು ಬಿಗಿದು, ಹನ್ನೆರಡನೆಯದನ್ನು ಗೋಣಿಯ ಮೇಲೆ ಎಳೆದುಕೊಂಡಳು. ಅಜ್ಜಂಪುರದ ದನದ ಆಸ್ಪತ್ರೆಗೆ ಬಂದು ನಾಲ್ಕು ವರ್ಷವಾಗಿತ್ತು. ಅಡ್ಡ ಸಿಕ್ಕಿಕೊಂಡ ಕರುಗಳನ್ನು ಮೊಣಕೈವರೆಗೆ ಕೈ ಹಾಕಿ ಎಳೆದಿದ್ದಳು. ಪೊಲೀಸರನ್ನು ಎದುರಿಗೆ ನಿಲ್ಲಿಸಿಕೊಂಡು ಸಾಲುಸಾಲಾಗಿ ಕೋಳಿ ಕೊಯ್ಯುವ ಯೋಗ ಮಾತ್ರ ಇದೇ ಮೊದಲು.

"ಇನ್ನೂ ಎಷ್ಟು ಕೊಯ್ತೀರಿ ಡಾಕ್ಟ್ರೇ," ಎಂದ ಸಬ್ ಇನ್ಸ್‌ಪೆಕ್ಟರ್ ಲಕ್ಕಣ್ಣ, ಮೂಗಿಗೆ ಹಿಡಿದಿದ್ದ ಕರ್ಚೀಫನ್ನು ಅರ್ಧ ಇಂಚು ಸರಿಸಿ. "ವಿಷ ಅಂತ ಒಂದು ಸಾಲು ಬರೆದುಕೊಡಿ. ಆಸಾಮಿ ರೆಡಿ ಇದಾನೆ. ಮೂರು ಗಂಟೆಗೆ ತರೀಕೆರೆಗೆ ಕರ್ಕೊಂಡ್ ಹೋಗ್ಬೇಕು."

ಆಸಾಮಿ ಎಂದರೆ ಕಲ್ಲಪ್ಪ. ಎರಡನೇ ಶೆಡ್ಡಿನ ಕೋಳಿಗಳನ್ನು ನೋಡಿಕೊಳ್ಳುವವನು. ಜೀಪಿನ ನೆರಳಲ್ಲಿ ಕುಕ್ಕರುಗಾಲಲ್ಲಿ ಕೂತು, ಟವೆಲ್ಲನ್ನು ಕೈಯಲ್ಲಿ ಹಿಂಡುತ್ತಿದ್ದ. ನಿನ್ನೆ, ಜನವರಿಯ ಮೂರನೇ ಶನಿವಾರ ಸಂಜೆ, ಅವನ ಶೆಡ್ಡಿನಲ್ಲಿ ಒಂದೇ ಒಂದು ಗಂಟೆಯೊಳಗೆ ಮುನ್ನೂರ ಹನ್ನೆರಡು ಕೋಳಿ ಸತ್ತಿದ್ದವು. ಹತ್ತಿರದಲ್ಲಿ ಇದ್ದವನು ಅವನೊಬ್ಬನೇ.

ಅವನ ಹೆಂಡತಿ ಅಂಜಿನಮ್ಮ ಬೆಳಗಿನಿಂದ ನೀರಿನ ತೊಟ್ಟಿಯ ಪಕ್ಕ ನಿಂತವಳು ನಿಂತೇ ಇದ್ದಳು. ಅತ್ತಿರಲಿಲ್ಲ. ಡಾಕ್ಟರಮ್ಮನ ಕೈಯನ್ನಷ್ಟೇ ನೋಡುತ್ತಿದ್ದಳು. ಆ ನೋಟ ಪಂಕಜಾಕ್ಷಿಯ ಬೆನ್ನಿಗೆ ತಾಗುತ್ತಿತ್ತು.

ಇಪ್ಪತ್ತು ಗಜ ದೂರದಲ್ಲಿ, ಗಾಳಿ ಬೀಸುವ ದಿಕ್ಕನ್ನು ಲೆಕ್ಕ ಹಾಕಿ ನಿಂತಿದ್ದವನು ಫಾರಂ ಮಾಲೀಕ ಓಂಕಾರಮೂರ್ತಿ. ಮಠಕ್ಕೆ ನಡೆದುಕೊಳ್ಳುವ ಮನೆತನ, ಹುಟ್ಟಿದಾರಭ್ಯ ಮೊಟ್ಟೆ ಮುಟ್ಟಿದವನಲ್ಲ. ಬೆಂಗಳೂರಿನಲ್ಲಿ ಯಾರೋ ಬ್ರಾಯ್ಲರ್ ಕೋಳಿಗೆ ಒಳ್ಳೆ ಕಾಲ ಬರುತ್ತದೆ ಅಂದರು, ಇವನು ಬುಕ್ಕಾಂಬುಧಿ ರಸ್ತೆಯಲ್ಲಿ ಎರಡು ಶೆಡ್ಡು ಎಬ್ಬಿಸಿಬಿಟ್ಟ. ಮನೆಯಲ್ಲಿ ಇಂದಿಗೂ ಇದನ್ನು 'ತೋಟ' ಎಂದೇ ಕರೆಯುತ್ತಾರೆ. ಕೋಳಿ ಎಂಬ ಮಾತು ಆ ಮನೆಯ ಹೊಸಿಲು ದಾಟಿಲ್ಲ.

ಪಂಕಜಾಕ್ಷಿ ಹನ್ನೆರಡನೇ ಕೋಳಿಯನ್ನು ಸೀಳಿದಳು. ಗಂಟಲ ಚೀಲದ ತುಂಬ ಮೇವು. ಕರುಳು ಶುದ್ಧ. ಜುಟ್ಟು ಮಾತ್ರ ನೇರಳೆ ಬಣ್ಣಕ್ಕೆ ತಿರುಗಿತ್ತು, ಹನ್ನೆರಡಕ್ಕೂ ಹಾಗೆಯೇ.

ಕಾಳು ಅರೆಯುವ ಗಟ್ಟಿ ಹೊಟ್ಟೆಯನ್ನು ಬಿಡಿಸಿದಾಗ ಕತ್ತರಿಗೆ ಏನೋ ಕಿರ್ ಎಂದು ತಾಗಿತು. ಉಗುರಿನ ಅರ್ಧದಷ್ಟು ಗಾಜಿನ ಚೂರು. ನೀಲಿ ಬಣ್ಣ.

"ಬಳೆ ಚೂರು," ಎಂದ ಲಕ್ಕಣ್ಣ ಬಗ್ಗಿ ನೋಡಿ.

ಅವಳು ಚೂರನ್ನು ತೊಳೆದು, ಹತ್ತಿಯಲ್ಲಿ ಸುತ್ತಿ, ಬ್ಯಾಗಿನ ಸಣ್ಣ ಡಬ್ಬಿಗೆ ಹಾಕಿಕೊಂಡಳು. ಬಳೆಯ ಗಾಜು ಅಷ್ಟು ತೆಳ್ಳಗಿರುವುದಿಲ್ಲ ಎಂಬುದು ಬಳೆ ತೊಟ್ಟವರಿಗೆ ಗೊತ್ತು.

"ವಿಷ ಅಲ್ಲ," ಎಂದಳು ಎದ್ದು ನಿಂತು. "ಉಸಿರು ಕಟ್ಟಿ ಸತ್ತಿವೆ."

"ಮುನ್ನೂರ ಹನ್ನೆರಡರ ಕುತ್ತಿಗೇನೂ ಹಿಸುಕಿದ್ನಾ ಇವ್ನು?"

"ಯಾರೂ ಹಿಸುಕಿಲ್ಲ. ಕಲ್ಲಪ್ಪಾ, ಬಾ ಇಲ್ಲಿ. ನಿನ್ನೆ ಸತ್ತಾಗ ಹೆಂಗೆ ಬಿದ್ದಿದ್ವು?"

ಕಲ್ಲಪ್ಪ ಎದ್ದು ಬಂದ. "ಒಂದೇ ಮೂಲೇಲಿ ಕಣ್ರವ್ವಾ. ಒಂದ್ರ ಮ್ಯಾಲೊಂದು, ನನ್ ಎದೆ ಮಟ. ಮ್ಯಾಲಿನವು ಜೀವ ಇದ್ವು. ತೆಗೀತಾ ಹೋದಂಗೆ ಕೆಳಗಿನವೆಲ್ಲಾ ಹೋಗ್‌ಬಿಟ್ಟಿದ್ವು."

ಹೆದರಿದ ಕೋಳಿಗಳು ಮೂಲೆಗೆ ನುಗ್ಗಿ ಒಂದರ ಮೇಲೊಂದು ಬಿದ್ದು ಸತ್ತಿದ್ದವು. ಹಾಗಾದರೆ ಹೆದರಿದ್ದು ಯಾವುದಕ್ಕೆ?

"ಅದಕ್ಕೆ ಮುಂಚೆ ನೀನೇನು ಮಾಡಿದೆ? ಒಂದೂ ಬಿಡದೆ ಹೇಳು."

"ದಿನಾ ಮಾಡೋದೇ ಮಾಡಿದ್ದು." ಕಲ್ಲಪ್ಪ ಮಾಲೀಕನ ಕಡೆ ಕದ್ದು ನೋಡಿದ. "ಚಳಿ ಅಂತ ಗೋಣಿ ಪರದೆ ಇಳಿಬಿಟ್ಟೆ. ಇವ್ಳು ಮನೇಲಿ ದೇವ್ರ ದೀಪ ಹಚ್ಚೋ ಹೊತ್ತಾಯ್ತು. ಶೆಡ್ಡಿನ ಲೈಟೆಲ್ಲಾ ಆರಿಸ್ದೆ. ನಮ್ಮನೆ ಬಾಗ್ಲು ಶೆಡ್ಡಿನ ಕಡೀಕೇ ಐತೆ. ದೇವ್ರ ದೀಪದ ಎದುರಿಗೆ ಕರೆಂಟಿನ ದೀಪ ಧಗಧಗ ಅನ್ಬಾರ್ದು. ಕೈಮುಗ್ದು, ಉಂಡು, ಒಂದು ಗಂಟೆ ಬಿಟ್ಟು ಮತ್ತೆ ಹಾಕ್ತೀನಿ."

"ಕೇಳಿದ್ರಾ?" ಎಂದು ಮುಂದೆ ಬಂದವನು ಫಾರಂ ಸೂಪರ್‌ವೈಸರ್ ಷಣ್ಮುಖಪ್ಪ. ಇಸ್ತ್ರಿ ಮಾಡಿದ ಬುಷ್ ಶರ್ಟು, ಜೇಬಿನಲ್ಲಿ ಎರಡು ಪೆನ್ನು. ಬೆಂಗಳೂರಿನಲ್ಲಿ ಮೂರು ತಿಂಗಳು ಟ್ರೈನಿಂಗ್ ಮಾಡಿ ಬಂದವನು, ಅದನ್ನು ಯಾರಿಗೂ ಮರೆಯಲು ಬಿಟ್ಟವನಲ್ಲ. "ಕೋಳಿ ಬೆಳೀಬೇಕಾದ್ರೆ ಇಪ್ಪತ್ನಾಲ್ಕು ಗಂಟೆ ಬೆಳಕು ಬೇಕು ಮೇಡಂ. ಬೆಳಕಿದ್ರೆ ತಿನ್ತಾ ಇರ್ತದೆ, ತಿಂದ್ರೆ ಬೆಳೀತದೆ. ನಾನು ನೋಡ್ಕೊಳ್ಳೋ ಮೊದಲನೇ ಶೆಡ್ಡಲ್ಲಿ, ಮರಿ ಬಂದ ದಿನದಿಂದ ಒಂದು ನಿಮಿಷ ಬೆಳಕು ಆರಿಲ್ಲ. ಕರೆಂಟ್ ಹೋದ್ರೆ ಅಂತ ಎರಡು ಗ್ಯಾಸ್‌ಲೈಟ್ ಹೊತ್ತಿಸಿಯೇ ಇಟ್ಟಿರ್ತೀನಿ. ಇವ್ನು ದಿನಾ ಒಂದು ಗಂಟೆ ಕತ್ತಲೆ ಮಾಡ್ತಾನೆ. ಎಷ್ಟು ಸಲ ಬೈದೆ, ಕೇಳ್ಲಿಲ್ಲ."

"ಒಂದು ನಿಮಿಷವೂ ಆರಿಲ್ಲ?"

"ಒಂದು ಸೆಕೆಂಡೂ ಇಲ್ಲ."

"ಮತ್ತೆ ಎರಡರಲ್ಲಿ ಯಾವ ಶೆಡ್ಡಿನ ಕೋಳಿ ಚೆನ್ನಾಗಿ ಬೆಳೆದ್ವು?"

ಷಣ್ಮುಖಪ್ಪ ಜೇಬಿನ ಪೆನ್ನು ಸರಿಮಾಡಿಕೊಂಡ. ಉತ್ತರ ಕೊಟ್ಟವನು ದೂರದಲ್ಲಿದ್ದ ಓಂಕಾರಮೂರ್ತಿ.

"ಅದೇ ನನಗೂ ಸೋಜಿಗ ಕಣಮ್ಮಾ. ಮೊದಲು ಮೂರು ವಾರ ಇವ್ನ ಕೋಳಿ ಸಣ್ಣವಿದ್ವು. ಆಮೇಲೆ ಏನಾಯ್ತೋ, ಎದ್ದು ನಿಂತ್ವು ನೋಡು. ಹೋದ ವಾರ ನಾನೇ ನೋಡಿದೆ, ಕಲ್ಲಪ್ಪನ ಶೆಡ್ಡಿನವು ಗಟ್ಟಿಮುಟ್ಟು. ಮೊದಲನೇ ಶೆಡ್ಡಿನವು ದಪ್ಪ ಇದ್ರೂ ಕಾಲೆಳೀತಿದ್ವು. ನಾಳೆ ಸೋಮವಾರ ಮರಿ ಕೊಟ್ಟ ಕಂಪನಿಯವರು ತೂಕ ಹಾಕೋಕೆ ಬರ್ತಿದಾರೆ. ಯಾವ ಶೆಡ್ಡಿನ ಲೈಟಿನ ಕ್ರಮ ಗೆಲ್ಲುತ್ತೋ, ಕಡೂರು ತರೀಕೆರೆ ಸುತ್ತಿನ ಎಲ್ಲಾ ಫಾರಮ್ಮಿಗೂ ಅದನ್ನೇ ಮಾಡ್ಸೋದು, ಅದನ್ನ ನಡೆಸಿದವರಿಗೇ ಮೇಲ್ವಿಚಾರಣೆ ಕೊಡೋದು ಅಂತ ಮಾತಾಗಿತ್ತು."

ದನ ಕಾಯ್ದುಕೊಂಡು ಬಂದ ಕಲ್ಲಪ್ಪ ನಾಳೆ ಇಷ್ಟೂ ಫಾರಮ್ಮುಗಳಿಗೆ ಬುದ್ಧಿ ಹೇಳುವವನಾಗಬೇಕಿತ್ತು. ಇವತ್ತು ಕೈಕೋಳಕ್ಕೆ ಕಾದು ಕೂತಿದ್ದ.

ಪಂಕಜಾಕ್ಷಿ ಬೇಗಬೇಗ ಯೋಚಿಸಿದಳು. ನಲವತ್ತು ದಿನ ಇವನು ದಿನವೂ ಕತ್ತಲು ಮಾಡಿದ್ದಾನೆ, ಒಂದು ಕೋಳಿಯೂ ಬೆದರಲಿಲ್ಲ. ಅವಕ್ಕೆ ಅದು ಅಭ್ಯಾಸ. ನಿನ್ನೆ ಮಾತ್ರ ಬೆದರಿದ್ದು ಯಾಕೆ?

"ಕಲ್ಲಪ್ಪಾ, ನಿನ್ನೆ ಹಗಲು ಕೋಳಿಗಳು ಹೆಂಗಿದ್ವು?"

"ಶುಕ್ರವಾರ ನಾವಿರಲಿಲ್ಲ ಕಣವ್ವಾ. ಎಮ್ಮೆದೊಡ್ಡಿಲಿ ನಮ್ಮಣ್ಣ ಚಿಕ್ಕಬೀರಪ್ಪಂಗೆ ಜ್ವರ ಜಾಸ್ತಿ ಅಂತ ಸುದ್ದಿ ಬಂದು ಇಬ್ರೂ ಹೋಗಿದ್ವಿ. ನಿನ್ನೆ ಮಧ್ಯಾಹ್ನ ಬಂದು ನೋಡಿದ್ರೆ ಒಂದೊಂದು ಕುಂಟ್ತಿದ್ವು. ಒಂದು ದಿನದಲ್ಲಿ ಇದೇನು ಬಂತಪ್ಪಾ ಅಂತ ಸೂಪ್ರೈಜರಿಗೆ ಹೇಳ್ದೆ. ನಿಂಗೆ ಕಣ್ಣು ಮಂಜು ಅಂದ್ರು."

ಅವಳು ಮುಂದಿನ ಮಾತಿಗೆ ಕಾಯಲಿಲ್ಲ. ಚಪ್ಪಲಿ ಬಿಟ್ಟು ಎರಡನೇ ಶೆಡ್ಡಿಗೆ ನುಗ್ಗಿದಳು. ಉಳಿದಿದ್ದ ಕೋಳಿಗಳು ಹೊಟ್ಟಿನ ಮೇಲೆ ಎದೆಯೂರಿ ಕೂತಿದ್ದವು. ಒಂದನ್ನು ಎತ್ತಿ ನಿಲ್ಲಿಸಿದಳು, ಕಾಲು ಸೊಟ್ಟ. ಇನ್ನೊಂದು, ಮತ್ತೊಂದು, ಎಲ್ಲವೂ ಅಷ್ಟೇ. ಅಲ್ಲಿಂದ ಓಡುನಡಿಗೆಯಲ್ಲಿ ಮೊದಲನೇ ಶೆಡ್ಡಿಗೆ ಹೋದಳು. ಅಲ್ಲಿನವು ಅವಳ ಕಾಲ ಸಪ್ಪಳಕ್ಕೆ ಹತ್ತು ಅಡಿ ಓಡಿ ತಿರುಗಿ ನೋಡಿದವು. ಗಟ್ಟಿ ಕಾಲು, ಅಗಲ ಎದೆ.

ಅವಳಿಗೆ ನಗು ಬಂತು, ಸಂತೋಷದ ನಗು. ಕೂಗಿ ಕರೆದಳು.

"ಇನ್ಸ್‌ಪೆಕ್ಟ್ರೇ, ಮೂರು ಗಂಟೆಗೆ ಇನ್ನೂ ಮುಕ್ಕಾಲು ಗಂಟೆ ಇದೆ. ನನಗೆ ಇಪ್ಪತ್ತು ನಿಮಿಷ ಕೊಡಿ. ಎಲ್ಲರೂ ಕೈ ಹಾಕಿ, ಎರಡು ಶೆಡ್ಡಿಗೂ ಪರದೆ ಇಳಿಬಿಡಿ. ಸಂದಿ ಇದ್ದ ಕಡೆ ಟಾರ್ಪಾಲು, ಕಂಬಳಿ, ಏನು ಸಿಕ್ತದೋ ಅದು. ಒಂದು ಗೆರೆ ಬೆಳಕೂ ಒಳಗೆ ಬರಬಾರದು."

ಹಾಡಹಗಲಲ್ಲಿ ಶೆಡ್ಡಿಗೆ ಕಂಬಳಿ ಹೊದಿಸುವ ಡಾಕ್ಟರನ್ನು ಲಕ್ಕಣ್ಣ ತನ್ನ ಸರ್ವೀಸಿನಲ್ಲಿ ನೋಡಿರಲಿಲ್ಲ. ಆದರೂ ಕುತೂಹಲ ಅವನನ್ನೂ ಹಿಡಿದಿತ್ತು. ಕಾನ್‌ಸ್ಟೇಬಲ್ಲುಗಳನ್ನು ಏಣಿ ಹತ್ತಿಸಿದ.

ಮೊದಲು ಒಂದನೇ ಶೆಡ್ಡು. ಒಳಗೆ ಆರು ಬಲ್ಬು ಉರಿಯುತ್ತಿದ್ದವು, ಗ್ಯಾಸ್‌ಲೈಟುಗಳನ್ನು ಅವಳು ಹೊರಗೆ ಸಾಗಿಸಿದ್ದಳು. ಸ್ವಿಚ್ ಬೋರ್ಡಿನ ಮರದ ಮೇಲೆ 'ಷಡಕ್ಷರಿ ಎಲೆಕ್ಟ್ರಿಕಲ್ಸ್, ಅಜ್ಜಂಪುರ' ಎಂಬ ಬಿಳಿ ಅಕ್ಷರ. ಎರಡೂ ಶೆಡ್ಡಿಗೆ ವೈರಿಂಗ್ ಮಾಡಿದ್ದು ಅವಳ ಗಂಡ ಷಡಕ್ಷರಿಯೇ. ಅವನ ಕೆಲಸದ ಅಚ್ಚುಕಟ್ಟು ನೋಡಿ ಅವಳಿಗೆ ಎಂದಿನಂತೆ ಒಂದಿಷ್ಟು ಹೆಮ್ಮೆಯಾಯಿತು.

"ಷಣ್ಮುಖಪ್ಪನೋರೇ, ಇವು ಹುಟ್ಟಿದಾಗಿನಿಂದ ಕತ್ತಲು ಕಂಡಿಲ್ಲ ಅಂದ್ರಲ್ಲ?"

"ಕಂಡಿಲ್ಲ." ಈ ಸಲ ದನಿ ಸ್ವಲ್ಪ ಸಣ್ಣದಾಗಿತ್ತು.

ಅವಳು ಸ್ವಿಚ್ಚು ಆರಿಸಿದಳು.

ಗವ್ವೆನ್ನುವ ಕತ್ತಲು. ಆರು ನೂರು ಕೋಳಿ ಒಂದು ಸಲ ಕೊಕ್ಕೊಕ್ ಎಂದವು. ಆಮೇಲೆ ಹೊಟ್ಟು ಸರಿದ ಸದ್ದು, ರೆಕ್ಕೆ ಮಡಚಿದ ಸದ್ದು. ಕೊನೆಗೆ ಏನೂ ಇಲ್ಲ. ಲಕ್ಕಣ್ಣನ ವಾಚಿನ ಟಿಕ್ ಟಿಕ್ ಕೇಳಿಸುವಷ್ಟು ಮೌನ. ಐದು ನಿಮಿಷ ಬಿಟ್ಟು ಲೈಟು ಹಾಕಿದರೆ ಅಷ್ಟೂ ಕೋಳಿಗಳು ಇದ್ದಲ್ಲೇ ಕೂತು ತೂಕಡಿಸುತ್ತಿದ್ದವು.

ಈಗ ಎರಡನೆಯದು. "ಕಾನ್‌ಸ್ಟೇಬಲ್ಲುಗಳಿಬ್ಬರು ಮೂಲೆಯಲ್ಲಿ ನಿಂತಿರಿ. ನಾನು ಹೇಳಿದ ತಕ್ಷಣ ರಾಶಿಯಿಂದ ಕೋಳಿ ಎಳೀಬೇಕು," ಎಂದು ಹೇಳಿ ಸ್ವಿಚ್ಚಿಗೆ ಕೈಯಿಟ್ಟಳು.

ಬೆಳಕು ಹೋದದ್ದೇ ತಡ, ಶೆಡ್ಡು ಸಿಡಿದಂತಾಯಿತು. ಕಿರುಚಾಟ, ರೆಕ್ಕೆಯ ಬಡಿತ, ತಂತಿ ಬಲೆಗೆ ಮೈ ಅಪ್ಪಳಿಸುವ ಸದ್ದು. ಯಾರದೋ ಕಾಲ ಮೇಲೆ ಹಾದು ಇಡೀ ಹಿಂಡು ಒಂದೇ ಕಡೆಗೆ ನುಗ್ಗಿತು. ಮೂರು ಎಣಿಸಿ ಅವಳು ಲೈಟು ಹಾಕಿದಳು. ಮೂಲೆಯಲ್ಲಿ ಸೊಂಟದೆತ್ತರ ಬಿಳಿ ರಾಶಿ, ಅದರಲ್ಲಿ ಕಾನ್‌ಸ್ಟೇಬಲ್ಲುಗಳ ಟೋಪಿಗಳು. ಎಲ್ಲರೂ ಸೇರಿ ಎಳೆದರು. ಈ ಸಲ ಒಂದೂ ಸಾಯಲಿಲ್ಲ.

ಓಂಕಾರಮೂರ್ತಿ ಮೂಗು ಮುಚ್ಚಿಕೊಳ್ಳುವುದನ್ನೂ ಮರೆತು ಬಾಗಿಲಿಗೆ ಬಂದು ನಿಂತಿದ್ದ.

"ಕತ್ತಲಲ್ಲಿ ನಿದ್ದೆ ಮಾಡಿದವು ಕಲ್ಲಪ್ಪ ಸಾಕಿದ ಕೋಳಿ," ಎಂದಳು ಪಂಕಜಾಕ್ಷಿ, ತಲೆಗೂದಲಲ್ಲಿ ಸಿಕ್ಕಿದ್ದ ಪುಕ್ಕ ತೆಗೆಯುತ್ತ. "ದಿನಾ ಒಂದು ಗಂಟೆ ಕತ್ತಲು ಸಿಕ್ಕಿದ್ದಕ್ಕೇ ಅವಕ್ಕೆ ನಿದ್ದೆ ಆಯ್ತು, ಮೂಳೆ ಗಟ್ಟಿಯಾಯ್ತು, ಮೊದಲು ಹಿಂದೆ ಬಿದ್ರೂ ಆಮೇಲೆ ಮೈ ಹಿಡಿದ್ವು. ಬೆಳಕಲ್ಲೇ ಬೆಳೆದವು ಹಗಲೂ ರಾತ್ರಿ ತಿಂದು ಮೈ ಬೆಳೆಸ್ಕೊಂಡ್ವು, ಕಾಲು ಸೋತ್ವು, ಕತ್ತಲು ಅಂದ್ರೆ ಏನು ಅಂತ್ಲೇ ಗೊತ್ತಿಲ್ಲ. ಅವು ಇರಬೇಕಾದ್ದು ಮೊದಲನೇ ಶೆಡ್ಡಲ್ಲಿ. ಈಗಿರೋದು ಎರಡನೆಯದರಲ್ಲಿ. ಶುಕ್ರವಾರ ರಾತ್ರಿ ಯಾರೋ ಎರಡೂ ಶೆಡ್ಡಿನ ಕೋಳಿಗಳನ್ನ ಅದಲುಬದಲು ಮಾಡಿದಾರೆ. ನಾಳೆ ತೂಕಕ್ಕೆ ಒಳ್ಳೆಯವು ಮೊದಲನೇ ಶೆಡ್ಡಲ್ಲಿರಲಿ ಅಂತ. ಕಲ್ಲಪ್ಪ ದೇವರ ದೀಪದ ಹೊತ್ತಿಗೆ ಲೈಟ್ ಆರಿಸೋದೊಂದನ್ನ ಅವರು ಲೆಕ್ಕಕ್ಕೆ ಹಿಡೀಲಿಲ್ಲ."

ಎಲ್ಲರ ಕಣ್ಣೂ ಷಣ್ಮುಖಪ್ಪನ ಮೇಲೆ ಹೋಯಿತು.

ಅವನು ಬೆವರಿದ್ದ. ಆದರೆ ಓಡಲಿಲ್ಲ. "ಲಾಭ ನನಗೇ ಆಗ್ತಿತ್ತು, ಒಪ್ತೀನಿ. ನಾನಲ್ಲ. ಶುಕ್ರವಾರ ರಾತ್ರಿ ನಾನು ಎಲ್ಲಿದ್ದೆ ಅಂತ ಸಾವ್ಕಾರ್ರನ್ನೇ ಕೇಳಿ."

"ಕಡೂರಲ್ಲಿ, ನನ್ನ ಜೊತೆಗೇ ಇದ್ದ," ಎಂದ ಓಂಕಾರಮೂರ್ತಿ ಒಲ್ಲದ ಮನಸ್ಸಿನಿಂದ. "ಮರಿ ಕಂಪನಿಯವರ ಹತ್ರ ಮಾತಾಡೋಕೆ ಹೋಗಿದ್ವಿ. ಒಂದೇ ರೂಮಲ್ಲಿ ಮಲಗಿದ್ವಿ. ರಾತ್ರಿಯೆಲ್ಲಾ ಇವನ ಗೊರಕೆ ಕೇಳಿದೀನಿ."

"ಮೊದಲನೇ ಶೆಡ್ಡಿನ ಬೀಗದ ಕೈ ಆಫೀಸ್ ರೂಮಿನ ಮೊಳೇಲಿ ನೇತಾಡ್ತಿರುತ್ತೆ, ಯಾರು ಬೇಕಾದ್ರೂ ತಗೋಬಹುದು," ಎಂದ ಷಣ್ಮುಖಪ್ಪ. "ಎರಡನೆಯದರದ್ದು ಕಲ್ಲಪ್ಪನ ಉಡದಾರದಲ್ಲೇ ಇರುತ್ತೆ. ಅವನನ್ನ ಕೇಳಿ, ಶುಕ್ರವಾರ ಅದನ್ನ ಯಾರಿಗೆ ಕೊಟ್ಟು ಹೋದ ಅಂತ. ಕೋಳಿಗೆ ನೀರು ಮೇವು ಯಾರಾದ್ರೂ ಹಾಕಿರ್ಲೇಬೇಕಲ್ಲ."

ಮಾತು ಸರಿಯಾಗಿಯೇ ಇತ್ತು. ಲಕ್ಕಣ್ಣ ಕಲ್ಲಪ್ಪನ ಕಡೆ ತಿರುಗಿದ.

"ಯಾರಿಗಪ್ಪಾ ಕೊಟ್ಟೆ?"

ಕಲ್ಲಪ್ಪ ನೆಲ ನೋಡಿದ. ಅಂಜಿನಮ್ಮ ಗಂಡನ ಮುಖ ನೋಡಿದಳು.

"ನೆನಪಿಲ್ಲ ಸ್ವಾಮಿ."

"ಮೊನ್ನೆ ಕೊಟ್ಟಿದ್ದು ನೆನಪಿಲ್ವಾ? ಲೇ, ಡಾಕ್ಟ್ರು ನಿನ್ನ ಉಳಿಸೋಕೆ ಒದ್ದಾಡ್ತಿದಾರೆ, ನೀನು ನೋಡಿದ್ರೆ." ಲಕ್ಕಣ್ಣ ಬೇಸರದಿಂದ ಪಂಕಜಾಕ್ಷಿಯ ಕಡೆ ತಿರುಗಿದ. "ನಿಮ್ಮ ಮಾತಲ್ಲೂ ಒಂದು ತೊಡಕಿದೆ ಡಾಕ್ಟ್ರೇ. ಸಾವಿರದ ಇನ್ನೂರು ಕೋಳಿ ಹಿಡಿದು ಸಾಗಿಸಿದ್ರೆ ಊರಿಗೇ ಕೇಳಬೇಕಿತ್ತು. ಪಕ್ಕದ ಹೊಲದ ಗುಡಿಸಲಲ್ಲಿ ಜವರಮ್ಮ ಅಂತ ಮುದುಕಿ ಇದಾಳೆ, ಅವಳಿಗೆ ನಿದ್ದೆಯೇ ಬರಲ್ಲ. ಬೆಳಗ್ಗೆ ವಿಚಾರಿಸಿದೆ. ಶುಕ್ರವಾರ ರಾತ್ರಿ ಒಂದು ಕೋಳಿ ಕುಂಯ್ ಅನ್ನಲಿಲ್ಲವಂತೆ. ಬೆಳಕಲ್ಲಿ ಹಿಡಿದ್ರೂ ಕಿರುಚ್ತವೆ, ಕತ್ತಲಾದ್ರೆ ಏನಾಗುತ್ತೆ ಅಂತ ಈಗ ನೀವೇ ತೋರಿಸಿದ್ರಿ."

ಇದೇ ಪ್ರಶ್ನೆಗಾಗಿ ಅವಳು ಕಾಯುತ್ತಿದ್ದಳು. ಡಬ್ಬಿ ತೆಗೆದು, ನೀಲಿ ಚೂರನ್ನು ಅಂಗೈ ಮೇಲಿಟ್ಟು ಬಿಸಿಲಿಗೆ ಹಿಡಿದಳು. ಅವಳ ಕಣ್ಣುಗಳು ಹೊಳೆಯುತ್ತಿದ್ದವು.

"ಬಳೆ ಅಲ್ಲ ಇದು. ನೀಲಿ ಜೀರೋ ಬಲ್ಬಿನ ಗಾಜು, ಮಲಗೋ ಕೋಣೇಲಿ ಹಾಕ್ತಾರಲ್ಲ, ಅದು. ಕೆಲಸ ಮಾಡೋವಾಗ ಒಂದು ಬಲ್ಬು ಕೈಜಾರಿ ಒಡೆದಿದೆ. ಹೊಳೆಯೋದು ಕಂಡ್ರೆ ಕೋಳಿ ನುಂಗ್ತದೆ, ನುಂಗಿದೆ. ನೀಲಿ ಬೆಳಕಲ್ಲಿ ಕೋಳಿಗೆ ಕಣ್ಣು ಸರಿಯಾಗಿ ಕಾಣಲ್ಲ, ಆದ್ರೆ ಹೆದರಿಕೇನೂ ಆಗಲ್ಲ. ಮಂಕಾಗಿ ಕೂತ್ಕೊಂಡ್‌ಬಿಡ್ತದೆ. ಹಣ್ಣು ಕಿತ್ತಂಗೆ ಒಂದೊಂದೇ ಎತ್ತಿ ಬುಟ್ಟಿಗೆ ಹಾಕಬಹುದು, ಸದ್ದೇ ಇಲ್ಲ."

"ಅಯ್ಯೋ ಶಿವನೇ," ಎಂದ ಓಂಕಾರಮೂರ್ತಿ.

"ನಿಮಗೆ ಇದು ಗೊತ್ತಿತ್ತೇನ್ರೀ?" ಲಕ್ಕಣ್ಣ ಷಣ್ಮುಖಪ್ಪನನ್ನು ಕೇಳಿದ.

ಷಣ್ಮುಖಪ್ಪ ಬಾಯಿ ಬಿಟ್ಟುಕೊಂಡು ಚೂರನ್ನೇ ನೋಡುತ್ತಿದ್ದ. ಟ್ರೈನಿಂಗಿನಲ್ಲಿ ಕಲಿಯದ ಸಂಗತಿಯೊಂದು ಇದೆ ಎಂಬುದೇ ಅವನಿಗೆ ಅವಮಾನವಾದಂತಿತ್ತು. ಆ ಮುಖ ನಟಿಸುತ್ತಿರಲಿಲ್ಲ. ಪಂಕಜಾಕ್ಷಿಗೂ ಅದು ಕಂಡಿತು.

"ಹಂಗಾದ್ರೆ ಕಳ್ಳ ಸಿಕ್ಕಿದ ಹಾಗೇ." ಲಕ್ಕಣ್ಣ ಹುರುಪಿನಿಂದ ನೋಟ್‌ಬುಕ್ಕು ತೆಗೆದ. "ಈ ನೀಲಿ ಬೆಳಕಿನ ವಿಷಯ ಗೊತ್ತಿರೋನು ಯಾವನೋ ಅವನೇ. ಈ ಸೀಮೇಲಿ ಯಾರ್ಯಾರಿಗೆ ಗೊತ್ತು ಡಾಕ್ಟ್ರೇ?"

"ಯಾರಿಗೂ ಗೊತ್ತಿರೋಕೆ ಸಾಧ್ಯವಿಲ್ಲ. ನನಗೆ ಕಾಲೇಜಲ್ಲಿ ಮೇಷ್ಟ್ರು ತೋರಿಸಿದ್ರು. ನಾನು ಇಲ್ಲಿಗೆ ಬಂದಮೇಲೆ ಯಾರ ಹತ್ರಾನೂ..."

ಮಾತು ಅಲ್ಲಿಗೇ ನಿಂತಿತು.

ಒಬ್ಬನ ಹತ್ತಿರ ಹೇಳಿದ್ದಳು. ಹೋದ ತಿಂಗಳು, ಊಟಕ್ಕೆ ಕೂತಾಗ. ತಟ್ಟೆಗೆ ಸಾರು ಬಡಿಸುತ್ತ ಹೇಳಿದ್ದಳು, ಅವನು 'ಕೋಳಿಗೂ ಮಲಗೋ ಲೈಟು ಬೇಕಂತೇನೇ' ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಷಡಕ್ಷರಿ. ಈ ಶೆಡ್ಡಿನ ಪ್ರತಿ ಹೋಲ್ಡರು ಎಲ್ಲಿದೆಯೆಂದು ಕಣ್ಣು ಮುಚ್ಚಿ ಹೇಳಬಲ್ಲವನು.

ಶುಕ್ರವಾರ ಸಂಜೆ ಲಿಂಗದಹಳ್ಳಿಯಲ್ಲಿ ಮದುವೆ ಮನೆಗೆ ದೀಪ ಕಟ್ಟುವ ಕೆಲಸ ಎಂದು ನಾಲ್ಕು ಜನ ಆಳುಗಳನ್ನು ಕರೆದುಕೊಂಡು ಹೋಗಿದ್ದ. ಬಂದದ್ದು ಶನಿವಾರ ಬೆಳಗ್ಗೆ. ಮುಹೂರ್ತವೇ ಇಲ್ಲದ ಈ ಪುಷ್ಯ ಮಾಸದಲ್ಲಿ ಯಾರ ಮನೆಯಲ್ಲಿ ಮದುವೆ? ಎರಡು ದಿನ ಅವಳಿಗೆ ಆ ಪ್ರಶ್ನೆ ಹೊಳೆದೇ ಇರಲಿಲ್ಲ.

ಯಾಕೆ ಮಾಡಿದ? ಯಾರಿಗಾಗಿ? ತಾನು ಕೇಳಿದ್ದರೆ ಅವನು ಹೇಳುತ್ತಿರಲಿಲ್ಲವೇ? ಇಷ್ಟು ಹೊತ್ತು ಕುಣಿಯುತ್ತಿದ್ದ ಎದೆ ಈಗಲೂ ಹಾಗೆಯೇ ಹೊಡೆದುಕೊಳ್ಳುತ್ತಿತ್ತು, ಆದರೆ ಸಂತೋಷವೆಲ್ಲ ಸೋರಿಹೋಗಿತ್ತು.

ತಲೆಯೆತ್ತಿದರೆ ಕಲ್ಲಪ್ಪ ಅವಳನ್ನೇ ನೋಡುತ್ತಿದ್ದ. ಶುಕ್ರವಾರ ಅವನು ಬೀಗದ ಕೈ ಕೊಟ್ಟು ಹೋದದ್ದು ಷಡಕ್ಷರಿಗೇ, ಅದಕ್ಕೇ ಬಾಯಿ ಬಿಡುತ್ತಿಲ್ಲ ಎಂಬುದು ಆ ನೋಟದಲ್ಲೇ ತಿಳಿಯಿತು. ಹೋದ ವರ್ಷ ಅವನ ಹಸು ಸಾಯುತ್ತಿದ್ದಾಗ ಎರಡು ರಾತ್ರಿ ಕೊಟ್ಟಿಗೆಯಲ್ಲಿ ಕೂತು ಬದುಕಿಸಿದವಳು ಪಂಕಜಾಕ್ಷಿ. ಅವನು ಅದನ್ನು ತೀರಿಸುತ್ತಿದ್ದ.

"ಸ್ವಾಮಿ, ನಾನೇ ಮಾಡಿದ್ದು," ಎಂದು ಕಲ್ಲಪ್ಪ ಎರಡೂ ಕೈ ಮುಂದೆ ಚಾಚಿದ. "ಬರ್ಕಳಿ. ಡಾಕ್ಟ್ರವ್ವನ್ನ ಇನ್ನೇನೂ ಕೇಳ್ಬೇಡಿ."

"ನೀನೇ? ನಿನ್ನ ಒಳ್ಳೇ ಕೋಳಿ ಕೊಟ್ಟು ಕುಂಟು ಕೋಳಿ ತಗೊಂಡ್ಯಾ?"

"ಬುದ್ಧಿ ಕೆಟ್ಟಿತ್ತು."

"ಯಾವಾಗ ಮಾಡ್ದೆ?"

"ಶುಕ್ರವಾರ ರಾತ್ರಿ."

"ಎಮ್ಮೆದೊಡ್ಡಿಲಿದ್ದವನು ಇಲ್ಲಿ ಹೆಂಗೋ ಮಾಡ್ದೆ?"

ಕಲ್ಲಪ್ಪ ಚಾಚಿದ ಕೈಗಳನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಲಕ್ಕಣ್ಣ ಒಂದು ಕ್ಷಣ ಅವನನ್ನೂ ಡಾಕ್ಟರನ್ನೂ ನೋಡಿದ. ಅವನು ದಡ್ಡನಲ್ಲ, ಆದರೆ ಗಂಟೆ ಮೂರಾಗಿತ್ತು.

"ಒಪ್ಕೊಂಡಿದಾನೆ. ನನಗೆ ಅಷ್ಟು ಸಾಕು. ಸ್ಟೇಷನ್ನಿಗೆ ಹೋದಮೇಲೆ ಉಳಿದದ್ದು ತಾನಾಗೇ ನೆನಪಿಗೆ ಬರ್ತದೆ. ಡಾಕ್ಟ್ರೇ, ರಿಪೋರ್ಟಿಗೆ ರುಜು ಹಾಕಿ."

"ಇವನಲ್ಲ," ಎಂದಳು ಪಂಕಜಾಕ್ಷಿ.

"ಮತ್ಯಾರು?"

ಅವಳು ಬಾಯಿ ತೆರೆದಳು. ತುಟಿಗೆ ಬಂದ ಹೆಸರು ಹೊರಗೆ ಬರಲಿಲ್ಲ. ಕಾನ್‌ಸ್ಟೇಬಲ್ ಕಲ್ಲಪ್ಪನ ರಟ್ಟೆ ಹಿಡಿದು ಜೀಪಿನ ಹಿಂದಕ್ಕೆ ಹತ್ತಿಸಿದ. ಎಂಜಿನ್ನು ಗುರುಗುಟ್ಟಿತು.

ಬೆಳಗಿನಿಂದ ತೊಟ್ಟಿಯ ಪಕ್ಕ ನಿಂತಿದ್ದ ಅಂಜಿನಮ್ಮ ಈಗ ನಡೆದು ಬಂದಳು. ಜೀಪಿನ ಕಡೆಗಲ್ಲ, ಡಾಕ್ಟರಮ್ಮನ ಕಡೆಗೆ. ಹತ್ತಿರ ಬಂದು, ಅವಳೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ ಮಾತಾಡಿದಳು.

"ಯಾರ ಹೆಸ್ರೂ ಎತ್ತಬಾರ್ದು ಅಂತ ನನ್ ಗಂಡ ಆಣೆ ಹಾಕಿಸ್ಕೊಂಡವ್ನೆ ಕಣವ್ವಾ, ಅದಕ್ಕೆ ನನ್ ಬಾಯಿ ಕಟ್ಟೈತೆ. ನಿಮ್ ಬಾಯಿ ಯಾಕೆ ಕಟ್ತು?"